ಎಲುಬು ಸಾಲಂಗಿಲ್ಲಂತ

"ಗದ್ದ ಗಟ್ಟಿ ಹಿಡೀಯೇ ನಾಗೂ, ಜಾರಾಕ ಹತ್ತೇತಿ," ಎಂದು ನೆರೆಮನೆಯ ಕೃಷ್ಣವ್ವ ಹಲ್ಲಿನ ಸೆಟ್ಟನ್ನು ಮತ್ತೊಮ್ಮೆ ಒಳಗೆ ಒತ್ತಿದಳು.

ನಾಗರತ್ನಾ ಸೋದರತ್ತೆ ಸಾವಿತ್ರೆವ್ವನ ಗದ್ದವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಹೆಣ ಮುಟ್ಟಲು ಅವಳಿಗೆ ಅಂಜಿಕೆಯಿರಲಿಲ್ಲ. ಬೆಳಗಿನಿಂದ ಅವಳನ್ನು ಕೊರೆಯುತ್ತಿದ್ದುದು ಬೇರೆ, ಹೇಳಿಕೊಂಡರೆ ನಾಚಿಕೆಯಾಗುವಂಥದ್ದು: ಇಷ್ಟು ಮಂದಿಯಲ್ಲಿ ಯಾರಾದರೂ ಧಾರವಾಡದ ಹಲ್ಲಿನ ಡಾಕ್ಟರ ಮಾತು ತೆಗೆದರೆ ನನ್ನ ಮುಖ ಹೇಗೆ ಕಾಣಬಹುದು? ಅತ್ತೆ ಸತ್ತ ದಿನವೂ ನನಗೆ ನನ್ನ ಮುಖದ್ದೇ ಚಿಂತೆ. ಬೇರೆ ದಿನವಾಗಿದ್ದರೆ ಡೈರಿಯಲ್ಲಿ ಬರೆದು, ಓದಿ, ತನ್ನನ್ನು ತಾನೇ ಬೈದುಕೊಂಡು ಮಲಗುತ್ತಿದ್ದಳು.

ಸಾವಿತ್ರೆವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಮೇಲಿನ ಸೆಟ್ಟು ಹೇಗೋ ಕೂತಿತು. ಕೆಳಗಿನದು ಮಾತ್ರ ಒತ್ತಿದಷ್ಟೂ ಮೇಲೆದ್ದು, ಕಡೆಗೆ ತುಟಿ ದಾಟಿ ಮಡಿಲಿಗೆ ಬಿತ್ತು.

"ಜೀವ ಇದ್ದಾಗ ನಿಲ್ಲದ್ದು ಈಗ ನಿಲ್ತೇತೇನು," ಎಂದು ಕೃಷ್ಣವ್ವ ಕೈ ಒರೆಸಿಕೊಂಡಳು.

"ತಗದ ಇಡ್ರಿ ಅತ್ಲಾಗ," ಎಂದಳು ರಾಮದುರ್ಗದಿಂದ ನಸುಕಿನಲ್ಲೇ ಬಂದಿಳಿದಿದ್ದ ಮಗಳು ರಾಜೇಶ್ವರಿ. "ಹಂಗ ಬೊಚ್ಚ ಬಾಯಿಲೇ ಕುಂದ್ರಸ್ರಿ. ಮಂದಿ ನೋಡ್ಲಿ, ನಮ್ಮವ್ವನ ಹೆಂಗ ಇಟ್ಟಿದ್ರಂತ." ಮಾತು ಹೆಂಗಸರಿಗಾದರೂ ಕಣ್ಣು ಬಾಗಿಲ ಬಳಿ ನಿಂತ ಅಪ್ಪನ ಮೇಲಿತ್ತು. ಗಂಗಯ್ಯ ತಲೆ ಕೆಳಗೆ ಹಾಕಿದರು.

ಹೊರಗೆ ಕಟ್ಟೆಯ ಮೇಲೆ ಸಾವಿತ್ರೆವ್ವ ಅಕ್ಕೋರ ಹಳೆಯ ಹುಡುಗರು ಕೂತಿದ್ದರು. ಮೂವತ್ತು ವರ್ಷ ಒಂದನೆಯ ಇಯತ್ತೆಗೆ ಪಾಠ ಹೇಳಿದವಳು. ಬೈಲಹೊಂಗಲದ ಅರ್ಧ ಪೇಟೆ ಅವಳ ಕೈಯಲ್ಲೇ ಅಕ್ಷರ ತಿದ್ದಿತ್ತು.

"ನಾ ಒಂದನೇ ಇಯತ್ತೇದಾಗ ಮೂರು ವರ್ಷ ಕುಂತೆ," ಎನ್ನುತ್ತಿದ್ದ ಮಾರ್ಕೆಟ್ಟಿನ ಹಮಾಲ ನೀಲಪ್ಪ. "ಮೂರನೇ ವರ್ಷ ಅಕ್ಕೋರು ಅಂದ್ರು: ನೀಲ್ಯಾ, ನೀ ಏನ ನನ್ನ ಬಿಟ್ಟು ಹೋಗಂಗ ಕಾಣಂಗಿಲ್ಲಪಾ ಅಂತ. ಈಗ ಅಡತಿ ಅಂಗಡ್ಯಾಗ ಚೀಲದ ಮ್ಯಾಲೆ ಹೆಸರು ಬರಿಯಾವ ನಾನ." ನಾಲ್ಕು ಮಂದಿ ನಕ್ಕರು. ನೀಲಪ್ಪ ನಗಲು ಹೋಗಿ ಟವೆಲಿನಿಂದ ಮುಖ ಮುಚ್ಚಿಕೊಂಡ.

"ಹಲ್ಲು ಹೋತು, ಸಾಲಿ ಬಿಟ್ರು. ಸಾಲಿ ಬಿಟ್ರು, ಜೀವಾನೂ ಬಿಟ್ರು," ಎಂದರು ಹೆಡ್‌ಮಾಸ್ತರ ಸೋಮಪ್ಪ. "ಏನ ಮಾಡ್ತೀರಿ, ಡಾಕ್ಟರ ಆಗಂಗಿಲ್ಲ ಅಂದಬಿಟ್ಟಾ."

ಕಿಟಕಿಯ ಒಳಗಿದ್ದ ನಾಗರತ್ನಾ ಗೋಡೆಯ ಕಡೆ ತಿರುಗಿದಳು.

*

ಎರಡು ವರ್ಷದ ಹಿಂದಿನ ಮಾತು. ಹಲ್ಲು ಕೀಳಿಸಿ ಸೆಟ್ಟು ಹಾಕಿಸಿಕೊಂಡ ಮೇಲೆ ಸಾವಿತ್ರೆವ್ವನಿಗೆ 'ಸ' ಅನ್ನಲು ಬರದಾಯಿತು. ಅವಳು "ಸರಸ" ಎನ್ನಲು ಹೋದರೆ ಮೂವತ್ತೆರಡು ಮಕ್ಕಳು ಒಂದೇ ಉಸಿರಿಗೆ "ಶರಶ" ಎಂದು ತಿರುಗಿ ಕೂಗುತ್ತಿದ್ದವು. ಒಂದು ದಿನ ಒಬ್ಬ ತಂದೆ ಬಂದು ಕೈಮುಗಿದು, "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ, ನಮ್ಮ ಹುಡುಗ ಮನ್ಯಾಗ ಸಕ್ಕರಿಗೆ ಶಕ್ಕರಿ ಅಂತಾನ್ರಿ," ಎಂದಿದ್ದ. ಆ ಸಂಜೆ ಅವಳು ಊಟಕ್ಕೇಳಲಿಲ್ಲ.

"ನಾಗೂ, ಎಲುಬಿನ್ಯಾಗ ತಿರುಪು ಕೂಡ್ಶಿ ಹಲ್ಲು ಗಟ್ಟಿ ಮಾಡ್ತಾರಂತಲ್ಲ, ನನಗ ಆಕ್ಕೇತೇನು ಕೇಳೂಣು. ಇನ್ನ ನಾಕು ವರ್ಷ ಶರ್ವಿಶ್ ಐತಿ. ಶಾಲಿ ಇಲ್ಲದ ಮನ್ಯಾಗ ಕುಂತು ಏನ ಮಾಡ್ಲೆವಾ ನಾನು?"

ನಾಗರತ್ನಾ ಮುನವಳ್ಳಿಯಿಂದ ಬಂದು ಅತ್ತೆಯ ಮನೆಯಲ್ಲಿದ್ದುಕೊಂಡೇ ಬಿ.ಎ. ಮುಗಿಸಿದವಳು. ಇಂಗ್ಲಿಷ್ ಓದಬಲ್ಲವಳೆಂದು ಅವಳನ್ನೂ ಕರೆದುಕೊಂಡರು. ಸೋಮಪ್ಪನವರ ಕಾರಿನಲ್ಲಿ ಧಾರವಾಡಕ್ಕೆ ಹೋದದ್ದು. ಗಂಗಯ್ಯ, ಸೋಮಪ್ಪ ಇಬ್ಬರೂ ಹೊರಗೆ ಕೂತರು.

"ತಂಬಾಕು ಏನರ ಐತೇನ್ರಿ?" ಎಂದು ಕೇಳಿದರು ಡಾಕ್ಟರು.

"ಶಿವ ಶಿವಾ! ನಾ ಶಾಲಿ ಅಕ್ಕೋರ್ರೀ," ಎಂದಳು ಸಾವಿತ್ರೆವ್ವ. ಅವಳು ಸುಳ್ಳು ಹೇಳಿರಲಿಲ್ಲ. ದಿನಾ ನಸುಕಿನಲ್ಲಿ, ಗಂಗಯ್ಯನವರು ಏಳುವ ಮೊದಲು, ಹಿತ್ತಲಲ್ಲಿ ಕೂತು ಅವಳು ಒಸಡಿಗೆ ತಿಕ್ಕುತ್ತಿದ್ದ ಮಿಶ್ರಿ, ತಂಬಾಕನ್ನು ಹಂಚಿನ ಮೇಲೆ ಕರಿಕು ಮಾಡಿ ಕುಟ್ಟಿದ ಪುಡಿ, ಅವಳ ಲೆಕ್ಕದಲ್ಲಿ ತಂಬಾಕೇ ಅಲ್ಲ, ಹಲ್ಲುನೋವಿನ ಔಷಧ. ಅವಳ ಅವ್ವನೂ ತಿಕ್ಕುತ್ತಿದ್ದಳು. ಗಂಡಸರಿಗೆ ಹೇಳುವಂಥದ್ದಲ್ಲ, ಅಷ್ಟೆ.

ಅವಳನ್ನು ಎಕ್ಸ್‌ರೇಗೆ ಕಳಿಸಿದ ಮೇಲೆ ಡಾಕ್ಟರು ನಾಗರತ್ನಾಳ ಕಡೆ ನೋಡಿದರು. "ಒಸಡು ನೋಡಿದ್ರ ಗೊತ್ತಾಗ್ತದ. ಮಿಶ್ರಿ, ಹೌದಲ್ಲೋ?"

ಅವಳು ಹೌದೆಂದು ತಲೆಯಾಡಿಸಿದಳು.

ಎಕ್ಸ್‌ರೇ ಬಂತು. ಸಾವಿತ್ರೆವ್ವ ಹೊರಗೆ ಗಂಡನ ಪಕ್ಕ ಕೂತಿದ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಕೆಳಗಿನ ದವಡಿ ಮುಂದ ಎಲುಬು ಛಲೋ ಅದ. ಎರಡು ಇಂಪ್ಲಾಂಟ್ ಕೂಡಿಸಿದ್ರ ಸೆಟ್ಟು ಅಲ್ಲಾಡಂಗಿಲ್ಲ. ಆದ್ರ ರಕ್ತದಾಗಿನ ಸಕ್ಕರಿ ಇಳೀಬೇಕು, ಮಿಶ್ರಿ ಪೂರಾ ಬಿಡಬೇಕು. ಬಿಡದ ಹಾಕಿದ್ರ ಗಾಯ ಮಾಯಂಗಿಲ್ಲ, ತಿರುಪು ಕಿತ್ತು ಬರ್ತಾವ. ಮೂರು ತಿಂಗಳ ಬಿಟ್ಟು ಕರ್ಕೊಂಬರ್ರಿ, ನೋಡೂಣು. ನಾ ಒಲ್ಲೆ ಅನ್ನಾಂಗಿಲ್ಲ. ನನ್ನ ಮುಂದ ಅವರು ಒಪ್ಪಲಿಲ್ಲ. ನೀವು ಮನೀ ಹುಡುಗಿ, ತಿಳಿಸಿ ಹೇಳ್ರಿ."

ಹೊರಗೆ ಬಂದಾಗ ಮೂವರೂ ಎದ್ದು ನಿಂತರು. ಸಾವಿತ್ರೆವ್ವ ಬಾಯಿಗೆ ಸೆರಗು ಹಿಡಿದಿದ್ದಳು. ಕಣ್ಣುಗಳಷ್ಟೇ ಕೇಳುತ್ತಿದ್ದವು.

"ಏನಂದ್ರವಾ?" ಎಂದರು ಗಂಗಯ್ಯ.

ಹೆಡ್‌ಮಾಸ್ತರ ಎದುರು, ಮಾವನ ಎದುರು, ಅಷ್ಟು ಮಂದಿ ಕೂತ ಹಾಲಿನಲ್ಲಿ, 'ಅತ್ತಿ ತಂಬಾಕು ಬಿಡಬೇಕಂತ' ಎನ್ನಲು ನಾಗರತ್ನಾಳಿಗೆ ನಾಲಗೆ ಏಳಲಿಲ್ಲ. ಹೇಳಿದ್ದು ಬೇರೆ ಮಾತು.

"ಎಲುಬು ಸಾಲಂಗಿಲ್ಲಂತ್ರಿ."

ಸಾವಿತ್ರೆವ್ವ ಸೆರಗು ಸರಿಸದೆಯೇ ಬಾಗಿಲ ಕಡೆ ತಿರುಗಿದಳು. "ಹೋಗ್ಲಿ ಬಿಡು," ಎಂದಳು.

ಮನೆಗೆ ಹೋದ ಮೇಲೆ ಒಬ್ಬಳೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡಿದ್ದಳು ನಾಗರತ್ನಾ. ಮನೆಯಲ್ಲಿ ಅತ್ತೆ ಒಬ್ಬಳೇ ಸಿಕ್ಕಿದಳು, ದಿನಕ್ಕೆ ಹತ್ತು ಸಲ ಸಿಕ್ಕಿದಳು. ಡೈರಿಯಲ್ಲಿ 'ನಾಳೆ ಹೇಳುತ್ತೇನೆ' ಎಂಬ ಸಾಲು ಹನ್ನೊಂದು ದಿನ ಬಂತು. ಹನ್ನೆರಡನೆಯ ದಿನ ಸಾವಿತ್ರೆವ್ವ ಸ್ವಯಂ ನಿವೃತ್ತಿಯ ಅರ್ಜಿ ಬರೆದಳು. ಅದಾದ ಮೇಲೆ ಹೇಳುವುದು ಹೇಳದಿರುವುದಕ್ಕಿಂತ ದೊಡ್ಡ ಪಾಪದಂತೆ ಕಂಡಿತು.

ಅತ್ತೆ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಗಂಜಿ ಕುಡಿದಳು, ಮಾತು ಕಡಿಮೆ ಮಾಡಿದಳು, ಮಿಶ್ರಿ ಮಾತ್ರ ಹೆಚ್ಚಿತು. ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟರೆ "ಯಾರ ಸಲುವಾಗಿ?" ಎನ್ನುತ್ತಿದ್ದಳು. ಕಾಲಿಗಾದ ಒಂದು ಹುಣ್ಣು ಮಾಯಲಿಲ್ಲ. ಜ್ವರ ಬಂತು.

*

ರುದ್ರಭೂಮಿಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕುಣಿಯೊಳಗಿನ ಗೂಡಿನಲ್ಲಿ ಸಾವಿತ್ರೆವ್ವನನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಪತ್ರಿ ಏರಿಸಿಯಾಗಿತ್ತು. ಸುತ್ತ ಮಣ್ಣು ತುಂಬಿ ದೇಹ ನಿಲ್ಲುವವರೆಗೆ ತಲೆ ಹಿಡಿದುಕೊಳ್ಳಲು ನೀಲಪ್ಪ ತಾನಾಗಿ ಕೆಳಗಿಳಿದಿದ್ದ.

"ಗಂಗಯ್ಯನವರ, ಮೊದಲ ಹಿಡಿ ನಿಮ್ಮದು," ಎಂದರು ಮಠದ ಅಯ್ಯನವರು.

ಗಂಗಯ್ಯ ಬಾಗಿ ಮಣ್ಣು ತೆಗೆದುಕೊಂಡರು. ರಾಜೇಶ್ವರಿ ಅವರ ಮಣಿಕಟ್ಟು ಹಿಡಿದಳು.

"ಅಪ್ಪಾ, ನೀ ಹಾಕಬ್ಯಾಡ."

"ರಾಜೂ..."

"ಒಬ್ಬ ಡಾಕ್ಟರ ಒಲ್ಲೆ ಅಂದಾ, ನೀ ಮನೀಗೆ ಬಂದ ಕುಂತಿ. ಬೆಳಗಾವಿ ಎಷ್ಟ ದೂರ ಇತ್ತಪಾ? ಇನ್ನೊಬ್ಬರನ್ನ ಕೇಳಾಕ ನಿನಗ ಕಾಲಿದ್ದಿಲ್ಲ? ಮೂಲ್ಯಾಗ ಕುಂದ್ರಿಸಿ ಒಣಗಿಸಿದಿ ನಮ್ಮವ್ವನ್ನ. ನಿನ್ನ ಕೈ ಮಣ್ಣು ಆಕೀಗೆ ಬ್ಯಾಡ."

"ಹಂಗನಬ್ಯಾಡ ತಂಗಿ," ಎಂದರು ಸೋಮಪ್ಪ. "ನಾನೂ ಅಲ್ಲೇ ಇದ್ದೆ. ಎಲುಬ ಇಲ್ಲಂದ ಮ್ಯಾಲೆ ಯಾವ ಡಾಕ್ಟರ ಏನ ಮಾಡ್ಯಾನು?"

ಗಂಗಯ್ಯ ಮಗಳ ಕೈಯನ್ನು ಬಿಡಿಸಿಕೊಳ್ಳಲಿಲ್ಲ. "ಖರೆ ಐತಿ ಆಕಿ ಅನ್ನೂದು," ಎಂದರು. "ಕೇಳಬೇಕಿತ್ತು. ನಾನ ಕೇಳಲಿಲ್ಲ." ಹಿಡಿಯ ಮಣ್ಣನ್ನು ಮತ್ತೆ ರಾಶಿಗೇ ಸುರಿದು ಹಿಂದೆ ಸರಿದರು. ಮೂವತ್ತೈದು ವರ್ಷ ಬಾಳ್ವೆ ಮಾಡಿದವಳ ಕುಣಿಯಿಂದ ಆರು ಹೆಜ್ಜೆ ದೂರ, ಹೊರಗಿನವರಂತೆ ನಿಂತರು. ಯಾರೂ ಅವರನ್ನು ಕರೆಯಲಿಲ್ಲ.

ನಾಗರತ್ನಾ ಕುಣಿಯ ಅಂಚಿಗೆ ಬಂದಳು. ಈ ಸಲ ನಾಳೆ ಎನ್ನುವಂತಿರಲಿಲ್ಲ, ಇನ್ನು ಸ್ವಲ್ಪ ಹೊತ್ತಿನಲ್ಲಿ ಮಣ್ಣು ಮುಚ್ಚುತ್ತದೆ.

"ಡಾಕ್ಟರ ಒಲ್ಲೆ ಅಂದಿದ್ದಿಲ್ಲ."

ದನಿ ಅವಳಿಗೇ ಕೇಳಿಸಿತೋ ಇಲ್ಲವೋ. ಸಲಿಕೆ ಹಿಡಿದವನು ತಿರುಗಿ ನೋಡಿದ. ರಾಜೇಶ್ವರಿ, "ಏನಂದಿ?" ಎಂದಳು.

"ಎಲುಬು ಸಾಲ್ತಿತ್ತು," ಎಂದಳು ನಾಗರತ್ನಾ, ಈಗ ಎಲ್ಲರಿಗೂ ಕೇಳುವಂತೆ. "ಮಾವಂದೇನೂ ತಪ್ಪಿಲ್ಲ. ಸಾಲಂಗಿಲ್ಲಂತ ಸುಳ್ಳ ಹೇಳಿದಾಕಿ ನಾನು."

ಕುಣಿಯೊಳಗೆ, ಅಕ್ಕೋರ ತಲೆ ವಾಲದಂತೆ ಹಿಡಿದು ನಿಂತಿದ್ದ ನೀಲಪ್ಪ, ಮೇಲೆ ನೋಡದೆಯೇ ತನ್ನ ಎರಡೂ ಅಂಗೈಗಳನ್ನು ಮೆಲ್ಲಗೆ ಸರಿಸಿ ಅವಳ ಕಿವಿ ಮುಚ್ಚಿದ.