ಶೋರೂಮಿಗೆ ಹೋದ ಹನ್ನೆರಡು ಕುರಿಗಳು

ಮಂಠಾಳದ ಸೂರ್ಯಕಾಂತನ ಪಿಕಪ್ ಗಾಡಿಗೆ ಮೂರು ವರ್ಷದಿಂದ ಸೆಲ್ಫ್ ಇಲ್ಲ. ಬೆಳಿಗ್ಗೆ ನಾಲ್ಕು ಜನ ತಳ್ಳಿದರೆ ಶುರುವಾಗುತ್ತದೆ. ಆಮೇಲೆ ಮನೆಗೆ ಮರಳುವವರೆಗೆ ಎಂಜಿನ್ ಬಂದ್ ಮಾಡುವಂತಿಲ್ಲ. ಮಾಡಿದರೆ ಮತ್ತೆ ತಳ್ಳುವವರನ್ನು ಹುಡುಕಬೇಕು. ಅದಕ್ಕೇ ಮೇಯಿಸುವ ದೂರದ ಹೊಲಕ್ಕೋ ಸಂತೆಗೋ ಕುರಿ ಹೇರುವಾಗಲೂ ಇಳಿಸುವಾಗಲೂ ಅವನು ಸೀಟು ಬಿಟ್ಟು ಏಳುವುದಿಲ್ಲ. ಎಂಜಿನ್ ಆರದಂತೆ ಕಾಲಲ್ಲಿ ಎಕ್ಸಲೇಟರ್ ಒತ್ತುತ್ತಾ ಕೂತಿರುತ್ತಾನೆ. ಹಿಂದೆ ಅವನ ತಾಯಿ ತುಳಜಾಬಾಯಿ ಮತ್ತು ಹೆಂಡತಿ ಸಾಕ್ಷಿ ಕುರಿ ಹತ್ತಿಸುತ್ತಾರೆ. “ಆತೇನು?” ಎಂದು ಅವನು ಕೂಗುತ್ತಾನೆ. “ಆತು, ನಡಿ” ಎಂದು ತಾಯಿ ತಗಡು ಬಡಿಯುತ್ತಾಳೆ.

ಹೀಗಿರುವಾಗ ಅದೇ ಗಾಡಿಯ ಹೊಸ ರೂಪ ಬಂತು. ಕಂಪನಿಯವರು ಮುಖ ಬದಲಿಸಿದ್ದರು, ಎಂಜಿನ್ ಬದಲಿಸಿದ್ದರು, ದೀಪ ಬದಲಿಸಿದ್ದರು. ಹುಮನಾಬಾದಿನ ಶೋರೂಮಿನಲ್ಲಿ ಅದು ಮೆಣಸಿನಕಾಯಿಯಷ್ಟು ಕೆಂಪಗೆ ನಿಂತಿತ್ತು. ಸೂರ್ಯಕಾಂತ ಒಂದೇ ವಾರದಲ್ಲಿ ಮೂರು ಸಲ ಹೋಗಿ ನೋಡಿ ಬಂದ. ಮೊದಲನೆಯ ಸಲ ವಿಡಿಯೊ ಮಾಡಿದ. ಎರಡನೆಯ ಸಲ ಹಗ್ಗ ಒಯ್ದು ಬಾಡಿಯ ಉದ್ದ ಅಳೆದ. ಹಳೆಯದಕ್ಕಿಂತ ಒಂದು ಮೊಳ ಜಾಸ್ತಿ ಇತ್ತು. ಮೂರನೆಯ ಸಲ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತು ಬಂದ.

ಆ ವಿಡಿಯೊವನ್ನು ಮಂಠಾಳದ ಚಹಾದಂಗಡಿಯಲ್ಲಿ ನೋಡದವರು ಯಾರೂ ಉಳಿದಿರಲಿಲ್ಲ. ಗಾಡಿ ಇನ್ನೂ ಬುಕ್ ಆಗಿರಲಿಲ್ಲ, ಆದರೆ ಸೂರ್ಯಕಾಂತ ಆಗಲೇ ಬಸವಕಲ್ಯಾಣಕ್ಕೆ ಹೋಗಿ ಮುಂದಿನ ಗಾಜಿಗೆ ಅಂಟಿಸುವ ಸ್ಟಿಕರ್ ಬರೆಸಿ ತಂದಿದ್ದ. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಕೆಂಪು ಹುಲಿ’ ಎಂದಿತ್ತು.

“ಹತ್ತು ಇಂಚಿನ ಸ್ಕ್ರೀನ್ ಅದ ಅವ್ವಾ,” ಎಂದ ಊಟಕ್ಕೆ ಕೂತಾಗ. “ಗಾಡಿ ಹಿಂದ ತಗೋವಾಗ ಹಿಂದಿಂದೆಲ್ಲಾ ಅದರಾಗ ಕಾಣ್ತದ.”

“ಹಿಂದ ಏನದ?” ಎಂದಳು ತುಳಜಾಬಾಯಿ. “ನಾನು ಅದೀನಿ, ಸಾಕ್ಷಿ ಅದಾಳ. ನಮ್ಮನ್ನ ನೋಡಾಕ ಸ್ಕ್ರೀನ್ ಯಾಕೋ? ಹೊಳ್ಳಿ ನೋಡಿದ್ರ ಆಗ್ತದ.”

“ನಿನಗ ತಿಳೀಂಗಿಲ್ಲ ಬಿಡು.”

ಸಾಕ್ಷಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. “ಏನ್ರಿ, ಅದರ ಹಿಂದಿನ ಬಾಗಲಾ ನೆಲದಿಂದ ಎಷ್ಟು ಎತ್ತರ ಅದ?”

“ಭಾಳ ಎತ್ತರ ಅದ. ಟೈರ್ ನೋಡಬೇಕು ನೀ. ಕಲ್ಲು ಬರಲಿ, ತಗ್ಗು ಬರಲಿ, ಹಾರಿಕೊಂಡು ಹೋಗ್ತದ.”

“ಗಾಡಿ ಹಾರ್ತದ, ಖರೆ. ಕುರಿ ಹಾರ್ತಾವೇನ್ರಿ?”

ಸೂರ್ಯಕಾಂತ ನಕ್ಕುಬಿಟ್ಟ. ಅದು ತಮಾಷೆ ಎಂದುಕೊಂಡ. ಹಳೆಯ ಗಾಡಿಗೆ ಕುರಿಗಳು ಹೇಗೆ ಹತ್ತುತ್ತವೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ಅದನ್ನು ಮೂರು ವರ್ಷದಿಂದ ನೋಡಿರಲೇ ಇಲ್ಲ.

ಲೆಕ್ಕ ಸರಳವಾಗಿತ್ತು. ಕೆಂಪು ಗಾಡಿಯ ಮುಂಗಡಕ್ಕೆ ಮೂವತ್ತು ಕುರಿ ಮಾರಬೇಕು. ಮನೆಯಲ್ಲಿದ್ದದ್ದು ಎಂಬತ್ತು. ಅದೂ ಮುದಿ ಕುರಿ ಮಾರಿದರೆ ಆಗದು, ಬೆಲೆ ಬರುವ ಒಳ್ಳೆಯವೇ ಹೋಗಬೇಕು. ಬುಕ್ಕಿಂಗಿನ ಹಣಕ್ಕೆಂದು ಮೊದಲು ಮಾರಲು ತೆಗೆದ ಹನ್ನೆರಡರಲ್ಲಿ ಕರಿಕಿವಿಯೂ ಇತ್ತು. ಅದು ಹಿಂಡಿನ ಮುಂದಿನ ಕುರಿ. ಅದು ಎಲ್ಲಿ ಕಾಲಿಡುತ್ತದೋ ಉಳಿದವು ಅಲ್ಲಿ ಕಾಲಿಡುತ್ತವೆ.

“ಕರಿಕಿವಿ ಬ್ಯಾಡೋ ಸೂರ್ಯಾ,” ಎಂದಳು ತಾಯಿ. “ಅಂಥದು ಮತ್ತ ತಯಾರ ಆಗಾಕ ವರ್ಷಗಟ್ಟಲೆ ಬೇಕು.”

“ಗಾಡಿ ಬಂದ ಮ್ಯಾಲ ಹತ್ತು ಕರಿಕಿವಿ ತರೂಣು, ಸುಮ್ಮಿರು.”

ಸಂತೆಯ ದಿನ ಬೆಳಿಗ್ಗೆ ಹನ್ನೆರಡು ಕುರಿ ಹೇರಿಕೊಂಡು ಮೂವರೂ ಹುಮನಾಬಾದಿಗೆ ಹೊರಟರು. ಕುರಿ ಮಾರುವುದು, ನೇರ ಶೋರೂಮಿಗೆ ಹೋಗಿ ಬುಕ್ ಮಾಡುವುದು. ಅವತ್ತು ಬುಕ್ ಮಾಡದಿದ್ದರೆ ಎರಡು ತಿಂಗಳು ಕಾಯಬೇಕೆಂದು ಶೋರೂಮಿನ ಹುಡುಗ ಅವಿನಾಶ ಫೋನಿನಲ್ಲಿ ಹೇಳಿದ್ದ. ಸೂರ್ಯಕಾಂತನ ಜೇಬಿನಲ್ಲಿ ಸ್ಟಿಕರ್ ಸುರುಳಿ ಸುತ್ತಿಕೊಂಡು ಕೂತಿತ್ತು.

ಮಾಣಿಕನಗರದ ಹತ್ತಿರ ಹಳೆಯ ಗಾಡಿ ಹೊಗೆಯಾಡಿತು. ಇಪ್ಪತ್ತೈದು ವರ್ಷದಿಂದ ಅಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಅಬ್ದುಲ್ ಕರೀಂ ನೀರಿನ ಕೊಡ ಹಿಡಿದೇ ಹೊರಗೆ ಬಂದ. ಆ ಗಾಡಿಯ ಸದ್ದು ಅವನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು.

“ಇವತ್ತು ಕಡೀ ಸಲ ನೀರು ಹಾಕ್ರಿ ಕರೀಂ ಚಾಚಾ,” ಎಂದ ಸೂರ್ಯಕಾಂತ. “ಕೆಂಪುದು ಬುಕ್ ಮಾಡಾಕ ಹೊಂಟೀನಿ.”

“ಶಾಬಾಸ್. ಚಲೋ ಎಂಜಿನ್ ಅದ ಅದು. ಓಡಿಸಿ ನೋಡಿದೇನು?”

“ಕೂತು ನೋಡೀನ್ರಿ.”

“ಕೂತು?” ಕರೀಂ ಕೊಡ ಕೆಳಗಿಟ್ಟ. “ಏ, ನೀ ಟಗರು ತಗೋವಾಗ ಏನೇನು ನೋಡ್ತಿ?”

ಸೂರ್ಯಕಾಂತ ಯೋಚಿಸಲೂ ಇಲ್ಲ. “ಹಲ್ಲು ನೋಡ್ತೀನಿ. ಗೊರಸು ನೋಡ್ತೀನಿ. ಬೆನ್ನ ಮ್ಯಾಲ ಕೈ ಒತ್ತಿ ನೋಡ್ತೀನಿ. ಏರಿ ಮ್ಯಾಲ ನಡಸ್ತೀನಿ.”

“ಒಂದು ಟಗರಿಗೆ ಇಷ್ಟು ನೋಡ್ತಿ. ಗಾಡೀದು ಏನು ನೋಡಿದಿ?”

ತುಳಜಾಬಾಯಿ ಕ್ಯಾಬಿನ್ನಿನಿಂದಲೇ ಉತ್ತರ ಕೊಟ್ಟಳು. “ಅದರ ಮಾರಿ, ಮುಖ ನೋಡ್ಯಾನ್ರಿ. ಮೂರು ಸಲ ಹೋಗಿ ಮಾರಿ ನೋಡಿ ಬಂದಾನ. ಹೆಣ್ಣು ನೋಡಾಕ ಹೋದಾಗ ಸೈತ ಒಂದೇ ಸಲ ಹೋಗಿದ್ದ.”

ಸಾಕ್ಷಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಕರೀಂ ಮಾತ್ರ ನಗಲಿಲ್ಲ. “ಕುರಿ ಮೊದಲ ಮಾರಬ್ಯಾಡ. ಹಿಂಗೇ ಸೀದಾ ಶೋರೂಮಿಗೆ ಹೊಡಿ. ನಿನ್ನ ಮಾಲು ಅದರಾಗ ಹೇರು. ಹೇರಿಕೊಂಡು ಓಡಸು. ಆಮ್ಯಾಲ ಮಾರು. ಕುರಿ ಕೈ ಬಿಟ್ಟು ಹೋದ ಮ್ಯಾಲ ಗಾಡಿ ಹೊಂದಲಿಲ್ಲ ಅಂದ್ರ ಎರಡೂ ಹೋದ್ವು.”

“ಶೋರೂಮಿಗೆ ಕುರೀ? ಮಂದಿ ಏನಂದಾರು ಚಾಚಾ?”

“ಮಂದಿ ಕಂತು ಕಟ್ತಾರೇನು?” ಎಂದವನೇ ಕರೀಂ ಜೊತೆಗೆ ಬರಲು ತನ್ನ ಸ್ಕೂಟರ್ ತೆಗೆದ.

ತಳ್ಳಲು ಇಲ್ಲಿ ಬೇಕಾದಷ್ಟು ಜನರಿದ್ದಾರೆ ಎಂದು ಕರೀಂ ಹಳೆಯ ಗಾಡಿಯನ್ನು ಬಂದ್ ಮಾಡಿಸಿದ. ಶೋರೂಮಿನ ಮುಂದೆ ಕುರಿಗಳು ಇಳಿದಾಗ ಒಳಗಿದ್ದವರೆಲ್ಲ ಬಾಗಿಲಿಗೆ ಬಂದರು. ಕರಿಕಿವಿ ದೊಡ್ಡ ಗಾಜಿನಲ್ಲಿ ತನ್ನ ಮುಖ ಕಂಡು ಒಂದು ಗುದ್ದು ಕೊಟ್ಟಿತು. ಅವಿನಾಶ ಟೈ ಸರಿಮಾಡಿಕೊಂಡು ಓಡಿ ಬಂದ.

“ಸರ್, ಇದೇನ್ರಿ ಇದು? ಟೆಸ್ಟ್ ಡ್ರೈವ್ ಅಂದ್ರ ನೀವು ಒಬ್ಬರೇ ಬರ್ಬೇಕ್ರಿ.”

“ಗಾಡಿಯಾಗ ಕೂಡೂವು ಇವೂ ಅದಾವಲ್ಲಪ್ಪ,” ಎಂದಳು ತುಳಜಾಬಾಯಿ.

ಅವಿನಾಶ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ. ಹಿಂದಿನ ಅಂಗಳದಲ್ಲಿ ಮಾಡಿಕೊಳ್ಳಿ, ಟೈಲ್ಸ್ ಮೇಲೆ ಬೇಡ ಎಂದು ಅಪ್ಪಣೆಯಾಗಿತ್ತು. ಕೆಂಪು ಗಾಡಿ ಅಂಗಳಕ್ಕೆ ಬಂತು. ಬಿಸಿಲಿಗೆ ಅದು ಇನ್ನೂ ಕೆಂಪಾಗಿ ಕಂಡಿತು. ಹೆಂಡತಿಗೆ, ತಾಯಿಗೆ ಅದನ್ನು ಕಣ್ಣಾರೆ ತೋರಿಸುತ್ತಿದ್ದೇನೆ ಎಂದು ಸೂರ್ಯಕಾಂತ ಹಿಗ್ಗಿದ.

ಹಿಂದಿನ ಬಾಗಿಲು ತೆರೆದರು. ಹಳೆಯ ಗಾಡಿಯಲ್ಲಿ ಅದು ಸಾಕ್ಷಿಯ ಸೊಂಟಕ್ಕಿಂತ ಕೆಳಗೆ ಬರುತ್ತಿತ್ತು. ಇದು ಎದೆಮಟ್ಟ ಬಂತು. ತುಳಜಾಬಾಯಿ ಬಾಯಲ್ಲಿ ಟುರ್‌ರ್ ಎಂದು ಸದ್ದು ಮಾಡಿದಳು. ದಿನವೂ ಆ ಸದ್ದಿಗೆ ಕರಿಕಿವಿ ಜಿಗಿಯುತ್ತದೆ, ಅದರ ಹಿಂದೆ ಉಳಿದವು ಜಿಗಿಯುತ್ತವೆ. ಇವತ್ತು ಅದು ಮುಂದೆ ಬಂದು ಮೇಲೆ ನೋಡಿತು. ಮತ್ತೆ ತುಳಜಾಬಾಯಿಯ ಮುಖ ನೋಡಿತು. ಹೊರಳಿ ನಿಂತಿತು. ಉಳಿದ ಹನ್ನೊಂದೂ ಹೊರಳಿ ನಿಂತವು.

“ಎತ್ತಿ ಹಾಕಿದ್ರಾತು,” ಎಂದ ಸೂರ್ಯಕಾಂತ.

ಸಾಕ್ಷಿ ಒಂದು ಕುರಿಯನ್ನು ತಬ್ಬಿ ಎತ್ತಿದಳು. ಎದೆಯವರೆಗೆ ತಂದಳು. ಅಲ್ಲಿಂದ ಮೇಲೆ ಹೋಗಲಿಲ್ಲ. ಕುರಿ ಕಾಲು ಝಾಡಿಸಿತು. ಅವಳು ಬಿಟ್ಟುಬಿಟ್ಟು ಭುಜ ಹಿಡಿದುಕೊಂಡಳು.

“ಸರಿ ಆ ಕಡೆ. ನಾ ಎತ್ತತೀನಿ. ಅದೇನು ದೊಡ್ಡ ಮಾತು?”

ಒಂದು ಎತ್ತಿದ. ಎರಡು ಎತ್ತಿದ. ಮೂರನೆಯದರ ಹೊತ್ತಿಗೆ ಅಂಗಿಯ ಗುಂಡಿ ಹಾರಿತು. ನಾಲ್ಕನೆಯದನ್ನು ಹಾಕುವಷ್ಟರಲ್ಲಿ ಎರಡನೆಯದು ಕೆಳಗೆ ಜಿಗಿಯಿತು. ಅದನ್ನು ಮತ್ತೆ ಎತ್ತಿದ. ಏಳು ಮುಗಿದಾಗ ಗಾಡಿಯ ಚಕ್ರಕ್ಕೆ ಒರಗಿ ಕೂತುಬಿಟ್ಟ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಸಾಕ್ಷಿ ತಾಮ್ರದ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. “ಇನ್ನೂ ಐದು ಅದಾವ್ರಿ. ಸಂತ್ಯಾಗ ಇಳಸಬೇಕು. ಉಳಿದುವನ್ನ ಮತ್ತ ಹೇರಬೇಕು.”

“ನೀವಿಬ್ಬರೂ ದಿನಾ ಹ್ಯಾಂಗ ಹೇರ್ತೀರಿ?”

“ಹಳೇದು ತಗ್ಗದರೀ. ಕರಿಕಿವಿ ಏರ್ತದ, ಉಳಿದುವು ಅದರ ಬೆನ್ನ ಹಿಂದ ಏರ್ತಾವ. ಬಸುರಿ ಇದ್ದುವನ್ನಷ್ಟ ನಾವು ಎತ್ತತೇವಿ. ನೀವು ಸ್ಟೇರಿಂಗ್ ಹಿಡಕೊಂಡು ಕೂತಿರ್ತೀರಿ, ನಿಮಗ ಹ್ಯಾಂಗ ಗೊತ್ತಾಗಬೇಕು?”

ಸೂರ್ಯಕಾಂತ ನೀರು ಕುಡಿದು ಕೆಂಪು ಗಾಡಿಯ ಬಾಗಿಲ ಕಡೆ ನೋಡಿದ. ಅವನು ಹಗ್ಗ ಹಿಡಿದು ಉದ್ದ ಅಳೆದಿದ್ದ. ಎತ್ತರ ಅಳೆದಿರಲಿಲ್ಲ. ಉದ್ದದಲ್ಲಿ ಎಷ್ಟು ಕುರಿ ಹಿಡಿಯುತ್ತವೆ ಎಂದು ನೋಡಿದ್ದ, ಆ ಕುರಿಗಳು ಅಲ್ಲಿಗೆ ಹೋಗುವುದು ಹೇಗೆ ಎಂದು ನೋಡಿರಲಿಲ್ಲ.

ಕರೀಂ ಅವಿನಾಶನ ಕಡೆ ತಿರುಗಿದ. “ಇದೇ ಹೊಸದರಾಗ ತಗ್ಗ ಬಾಡಿದು ಇಲ್ಲೇನಪ್ಪ?”

“ಅದ್ರಿ,” ಎಂದ ಅವಿನಾಶ, ಸ್ವಲ್ಪ ಸಂಕೋಚದಿಂದ. “ಎಂಜಿನ್ ಅದೇ, ಬ್ರೇಕ್ ಅದೇ, ಲೈಟ್ ಅದೇ. ಸ್ಕ್ರೀನ್ ಇಲ್ಲ, ದೊಡ್ಡ ಟೈರ್ ಇಲ್ಲ. ಬಿಳೀ ಬಣ್ಣ ಒಂದೇ. ಯಾರೂ ಕೇಳಂಗಿಲ್ರಿ, ಅದಕ್ಕ ಮೂಲ್ಯಾಗ ನಿಲ್ಲಿಸೇವಿ.”

ಅದು ಗೋಡೆಯ ಪಕ್ಕ ಧೂಳು ಹೊದ್ದುಕೊಂಡು ನಿಂತಿತ್ತು. ಅವಿನಾಶ ಒರೆಸಿ ತಂದು ನಿಲ್ಲಿಸುವಷ್ಟರಲ್ಲಿ ಕೆಂಪು ಗಾಡಿಯಲ್ಲಿದ್ದ ಏಳು ಕುರಿಗಳೂ ಕೆಳಗಿಳಿದಿದ್ದವು. ಬಾಗಿಲು ತೆರೆದ. ತುಳಜಾಬಾಯಿ ಟುರ್‌ರ್ ಎಂದಳು.

ಕರಿಕಿವಿ ಜಿಗಿಯಿತು. ಅದರ ಹಿಂದೆ ಎರಡು, ಮೂರು, ನಾಲ್ಕು. ಗೊರಸುಗಳು ಹೊಸ ತಗಡಿನ ಮೇಲೆ ಜೋರು ಮಳೆಯಂತೆ ಸದ್ದು ಮಾಡಿದವು. ಒಂದು ಬೀಡಿ ಹಚ್ಚುವಷ್ಟರಲ್ಲಿ ಹನ್ನೆರಡೂ ಒಳಗೆ. ಶೋರೂಮಿನ ಕಿಟಕಿಯಲ್ಲಿದ್ದವರು ಚಪ್ಪಾಳೆ ಹೊಡೆದರು. ಅವಿನಾಶನೂ ಹೊಡೆದ.

“ಇನ್ನ ಓಡಸು,” ಎಂದ ಕರೀಂ. “ಹೈವೇ ಮ್ಯಾಲ ಅಲ್ಲ. ಹುಡಗಿ ಹಳ್ಳಿ ಕಡೆ ಕೆಟ್ಟ ರಸ್ತೆಗೆ ಹೋಗು. ಏರಿ ಮ್ಯಾಲ ಗಾಡಿ ನಿಲ್ಲಿಸಿ ಮತ್ತ ಎಬ್ಬಸು. ಅವಿನಾಶಾ, ಎಷ್ಟು ಕಿಲೋ ಹೊರಾಕ ಪರವಾನಗಿ ಅದ, ಕಾಗದದಾಗ ತೋರಸು. ಬಾಯಿಲೆ ಹೇಳಬ್ಯಾಡ.”

ಹುಡಗಿ ಎಂಬ ಆ ಹಳ್ಳಿಯ ದಾರಿಯಲ್ಲಿ ತಗ್ಗುಗಳಿಗೆ ಬರವಿರಲಿಲ್ಲ. ಗಾಡಿ ಕುಲುಕಿತು, ಆದರೆ ಕುರಿಗಳು ಬೀಳಲಿಲ್ಲ. ಏರುದಾರಿಯ ನಡುವೆ ಸೂರ್ಯಕಾಂತ ಎಂಜಿನ್ ಬಂದ್ ಮಾಡಿದ. ತಳ್ಳುವವರಿಲ್ಲದ ಜಾಗದಲ್ಲಿ ಹಾಗೆ ಮಾಡಿದ್ದು ಮೂರು ವರ್ಷದಲ್ಲಿ ಇದೇ ಮೊದಲು. ಕೀಲಿ ತಿರುವಿದ. ಗಾಡಿ ಗುರ್ರೆಂದಿತು. ಮತ್ತೆ ಬಂದ್ ಮಾಡಿದ, ಮತ್ತೆ ತಿರುವಿದ. ನಾಲ್ಕನೆಯ ಸಲಕ್ಕೆ ಪಕ್ಕದಲ್ಲಿದ್ದ ಅವಿನಾಶ, “ಸಾಕ್ರಿ ಸರ್, ನಂಬಿಕಿ ಬಂತಲ್ಲ,” ಎಂದ.

ಬಿಳಿ ಗಾಡಿಯ ಬೆಲೆ ಕಡಿಮೆ. ಮೂವತ್ತು ಕುರಿ ಮಾರುವ ಕಡೆ ಹದಿನೆಂಟು ಸಾಕಾಯಿತು. ಅವತ್ತು ಸಂತೆಗೆ ಹನ್ನೊಂದು ಹೋದವು, ಉಳಿದ ಏಳು ಮುಂದಿನ ಸಂತೆಗೆ. ಕರಿಕಿವಿ ಹೋಗಲಿಲ್ಲ.

“ಸ್ಟಿಕರ್ ತಗಿಯೋ,” ಎಂದಳು ತುಳಜಾಬಾಯಿ ಬುಕ್ಕಿಂಗ್ ಮುಗಿದ ಮೇಲೆ. “ಬಿಳೀ ಗಾಡಿಗೆ ಕೆಂಪು ಹುಲಿ ಅಂತ ಹಚ್ಚತೀಯೇನು?”

“ಬಣ್ಣ ಬಿಡ್ರಿ ಅತ್ತಿ,” ಎಂದಳು ಸಾಕ್ಷಿ. “ಕುರಿ ಹೇರೂ ಗಾಡಿಗೆ ಯಾರರೆ ಹುಲಿ ಅಂತ ಬರಸ್ತಾರೇನು?”

ಸೂರ್ಯಕಾಂತ ಸುರುಳಿ ಬಿಚ್ಚಿ ಒಮ್ಮೆ ನೋಡಿದ. ಹಣ ಕೊಟ್ಟು ಬರೆಸಿದ್ದು, ಎಸೆಯಲು ಮನಸ್ಸಾಗಲಿಲ್ಲ. ಈಗ ಅದು ಕರೀಂನ ಗ್ಯಾರೇಜಿನ ಬಾಗಿಲ ಮೇಲಿದೆ.

ಗಾಡಿ ಮಂಠಾಳಕ್ಕೆ ಬಂದ ಮಾರನೆಯ ಬೆಳಿಗ್ಗೆ ತಳ್ಳುವುದಕ್ಕೆಂದು ಅಭ್ಯಾಸಬಲದಿಂದ ನಾಲ್ವರು ಬಂದು ನಿಂತರು. ತಳ್ಳುವ ಕೆಲಸ ಇರಲಿಲ್ಲ, ಚಹಾ ಕುಡಿದು ಹೋದರು. ಸೂರ್ಯಕಾಂತ ಗಾಡಿಯನ್ನು ಹಟ್ಟಿಯ ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೆಳಗಿಳಿದು ಹಿಂದಕ್ಕೆ ಬಂದ. ಬಸುರಿ ಕುರಿಯೊಂದು ಜಿಗಿಯಲಾರದೆ ನಿಂತಿತ್ತು. ಅವನು ಅದನ್ನು ಎತ್ತಿ ಒಳಗಿಟ್ಟ.

“ಆತೇನು?” ಎಂದಳು ಸಾಕ್ಷಿ.

“ಆತು,” ಎಂದು ಅವನೇ ತಗಡು ಬಡಿದ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಹೊಸ ಗಾಡಿ ಕೊಳ್ಳುವುದು ಖುಷಿಯ ಕೆಲಸ. ಖುಷಿ ಪಡಿ, ವಿಡಿಯೊ ಮಾಡಿ, ಊರಿಗೆಲ್ಲ ತೋರಿಸಿ. ಆದರೆ ಸಹಿ ಹಾಕುವ ಮೊದಲು ನಿಮ್ಮ ಮಾಲನ್ನು ಅದರಲ್ಲಿ ಹೇರಿ ನೋಡಿ. ಕುರಿಯಾಗಲಿ, ತೊಗರಿಯ ಚೀಲವಾಗಲಿ, ಹಾಲಿನ ಕ್ಯಾನಾಗಲಿ, ನಾಚಿಕೆ ಬೇಡ. ನೀವು ದಿನವೂ ಹೋಗುವ ಕೆಟ್ಟ ದಾರಿಯಲ್ಲೇ ಓಡಿಸಿ. ಎಷ್ಟು ಭಾರಕ್ಕೆ ಪರವಾನಗಿ ಇದೆ ಎಂದು ಕಾಗದದಲ್ಲಿ ಓದಿ, ಓದು ಬಾರದಿದ್ದರೆ ಓದಿಸಿ. ಇವತ್ತೇ ಬುಕ್ ಮಾಡಿ ಎಂದು ಯಾರಾದರೂ ಅವಸರ ಮಾಡಿದರೆ ಒಂದು ಲೋಟ ನೀರು ಕುಡಿದು ಕೂತುಕೊಳ್ಳಿ.

ಮತ್ತೆ, ಗಾಡಿಯ ಹಿಂದೆ ನಿಂತು ಹೊರೆ ಎತ್ತುವವರು ನಿಮ್ಮ ಮನೆಯಲ್ಲಿ ಯಾರು? ಇವತ್ತು ಊಟಕ್ಕೆ ಕೂತಾಗ ಅವರನ್ನೇ ಮೊದಲು ಕೇಳಿ.