ಲಕ್ಷ ಸಲ ಕತ್ತರಿಸಿದ ಸಾಲು

ಲ್ಯಾಬಿನ ಯಂತ್ರ ಒಬ್ಬೊಬ್ಬರ ರಕ್ತಪರೀಕ್ಷೆಯ ಫಲಿತಾಂಶವನ್ನು ಒಂದೇ ಉದ್ದನೆಯ ಸಾಲಾಗಿ ಕಳಿಸುತ್ತಿತ್ತು. ಅಂಕಿ ಅಂಕಿಯ ನಡುವೆ ಒಂದು ಗೀಟು. ಗೀಟು ಬಂದಲ್ಲಿ ಸಾಲನ್ನು ತುಂಡರಿಸಿ, ತುಂಡುಗಳನ್ನು ವರದಿಯ ಕಾಲಂಗಳಲ್ಲಿ ಕೂರಿಸುವ ಪ್ರೋಗ್ರಾಂ ಪುಟ್ಟಿಯದು. ಮೂವತ್ತೆರಡು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ.

ಹೋದ ವಾರ ಅವಳಿಗೆ ವೇಗದ ಹುಚ್ಚು ಹಿಡಿದಿತ್ತು. ತುಂಡರಿಸುವ ಮೂರು ವಿಧಾನಗಳನ್ನು ಪಂದ್ಯಕ್ಕೆ ಬಿಟ್ಟಳು. ಕೈಗೆ ಸಿಕ್ಕಿದ್ದು ತನ್ನದೇ ವರದಿಯ ಸಾಲು, ಒಂದು ಅಂಕಿಯೂ ಬಿಟ್ಟುಹೋಗದ ಸಾಲು. ಅದನ್ನೇ ಲಕ್ಷ ಸಲ ಕತ್ತರಿಸಿ ನೋಡಿದಳು. ಮೂರನೆಯದು ಹಳೆಯದಕ್ಕಿಂತ ನಾಲ್ಕು ಪಟ್ಟು ಚುರುಕು. ಬೇಕೆಂದು ಯಾರೂ ಕೇಳಿರಲಿಲ್ಲ. ಆದರೂ ಅದನ್ನೇ ಹಾಕಿ, ಕಚೇರಿಯಲ್ಲಿ ಎರಡು ದಿನ ಬೀಗಿದಳು.

ಇವತ್ತು ಬೆಳಿಗ್ಗೆ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಫೋನ್ ಮಾಡಿದರು. "ಮೇಡಂ, ಖಾಲಿಹೊಟ್ಟೆ ಶುಗರ್ ಟೆಸ್ಟೇ ಮಾಡಿಲ್ಲ, ವರದೀಲಿ ಮಾತ್ರ ನಂಬರ್ ಬಂದಿದೆ. ಊಟ ಆದ್ಮೇಲಿಂದು ಮಾಡಿದ್ದೀವಿ, ಅಲ್ಲಿ ಏನೂ ಇಲ್ಲ. ಏನಿದು?"

ಪುಟ್ಟಿ ತನ್ನ ಪ್ರೋಗ್ರಾಂ ತೆರೆದು ನೋಡಿದಳು. ಎರಡು ಗೀಟುಗಳ ನಡುವೆ ಏನೂ ಇಲ್ಲದಿದ್ದರೆ ಆ ಚುರುಕು ವಿಧಾನ ಜಾಗವನ್ನೇ ನುಂಗಿಬಿಡುತ್ತಿತ್ತು. ಊಟದ ನಂತರದ ಅಂಕಿ ಒಂದು ಕಾಲಂ ಹಿಂದೆ ಸರಿದು ಖಾಲಿಹೊಟ್ಟೆಯ ಅಂಕಿಯಾಗಿ ಕೂತಿತ್ತು. ಊಟದ ಮೇಲೆ ನೂರಮೂವತ್ತೆಂಟು ಬಂದರೆ ಚಿಂತೆಯಿಲ್ಲ. ಖಾಲಿಹೊಟ್ಟೆಯಲ್ಲಿ ಬಂದರೆ ಸಕ್ಕರೆ ಕಾಯಿಲೆ.

ನೂರಮೂವತ್ತೆಂಟು. ಭಾವನ ವರದಿಯಲ್ಲಿದ್ದ ಅಂಕಿ ಅದೇ. ಇದೇ ಲ್ಯಾಬಿನಲ್ಲಿ, ಊಟ ಮಾಡಿ ಹೋಗಿ ರಕ್ತ ಕೊಟ್ಟಿದ್ದರು. ಐದು ದಿನದಿಂದ ಶುಗರ್ ಮಾತ್ರೆ ನುಂಗುತ್ತಿದ್ದಾರೆ. ತಪ್ಪಿಸಬೇಡಿ ಎಂದು ತಾಕೀತು ಮಾಡಿದವಳೂ ಇವಳೇ. ಭಾವ ಬಸ್ ಡ್ರೈವರ್.

ಅವರು ಫೋನ್ ಎತ್ತಲಿಲ್ಲ. ಸ್ಟಿಯರಿಂಗ್ ಹಿಡಿದರೆ ಫೋನ್ ಮುಟ್ಟುವವರಲ್ಲ. ಅಕ್ಕನಿಗೆ ಮಾಡಿದಳು.

"ಬೆಳಿಗ್ಗೆ ಕೈ ನಡುಗ್ತಿತ್ತು ಕಣೇ, ಬೆವರ್ತಿದ್ರು," ಎಂದಳು ಅಕ್ಕ. "ನೀನು ಹೇಳಿದ್ಯಲ್ಲ, ಸಕ್ಕರೆ ಇಲ್ದೇ ಟೀ ಕೊಟ್ಟು ಕಳಿಸ್ದೆ."

ಪುಟ್ಟಿ ಡಿಪೋಗೆ ಫೋನ್ ಮಾಡಿ ಅಂಗಲಾಚಿದಳು: ಕಂಡಕ್ಟರಿಗೆ ಹೇಳಿ ಬಸ್ಸನ್ನು ಮುಂದಿನ ಸ್ಟಾಪಿನಲ್ಲೇ ನಿಲ್ಲಿಸಿ, ಮಾತ್ರೆಯಿಂದ ಅವರ ಸಕ್ಕರೆ ಇಳಿದುಹೋಗಿದೆ, ಏನಾದರೂ ಸಿಹಿ ತಿನ್ನಿಸಿ. ಆಮೇಲೆ ಜೀವ ಕೈಯಲ್ಲಿ ಹಿಡಿದು ಕೂತು, ಹಳೆಯ ವಿಧಾನವನ್ನೇ ಮತ್ತೆ ಹಾಕಿದಳು. ಅಂಕಿ ಬಿಟ್ಟುಹೋದ ಸಾಲುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಳು.

ಇಪ್ಪತ್ತು ನಿಮಿಷಕ್ಕೆ ಭಾವನ ಫೋನ್ ಬಂತು. "ಏನು ಪುಟ್ಟಿ, ಸಿಹಿ ಮುಟ್ಟಬೇಡಿ ಅಂದೋಳೇ ಈಗ ಚಾಕಲೇಟ್ ತಿನ್ನಿಸ್ತಿದ್ದೀಯಾ? ಕಣ್ಣು ಕತ್ತಲೆ ಬರ್ತಿತ್ತು, ಸದ್ಯ ನಿಲ್ಲಿಸಿದ್ರು."

"ತಪ್ಪು ನಂದು ಭಾವ," ಎಂದು ಬಿಕ್ಕಿದಳು. "ನಿಮಗೆ ಕಾಯಿಲೆನೇ ಇಲ್ಲ."

ಭಾವ ಕೇಳಿದರು, "ಅಳ್ಬೇಡ. ನಾನೊಬ್ನೇನಾ?"

ಪರದೆಯ ಮೇಲೆ ತಪ್ಪು ವರದಿ ಹೋದವರ ಇನ್ನೂ ನಲವತ್ತೊಂದು ಹೆಸರುಗಳಿದ್ದವು. ಯಾರ ಕೆಲಸ ಏನು, ಈ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆ, ಅವಳಿಗೆ ಒಂದೂ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಮೊದಲ ನಂಬರ್ ಒತ್ತಿದಳು. ಅದು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.