ತಾವರೆಗೆಡ್ಡೆ ಹುಡುಕಿದ ಕಾಲುಗಳು

ಒಂದೂರು, ಊರಿಗೊಂದು ಕಾಲುವೆ, ಕಾಲುವೆಯ ದಂಡೆಯಲ್ಲಿ ಒಬ್ಬ ಹೆಂಗಸು. ಆಕೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲವಂತೆ. ಪಾದವನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಈ ಮನುಷ್ಯ ನಿನ್ನೆ ನಿದ್ದೆ ಮಾಡಿದನೋ ಇಲ್ಲವೋ, ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೋ, ಬಿಗಿಯಾದ ಹೊಸ ಬೂಟು ಕೊಂಡು ಒದ್ದಾಡುತ್ತಿದ್ದಾನೋ, ಎಲ್ಲ ಹೇಳಿಬಿಡುತ್ತಿದ್ದಳಂತೆ. ಮುಖ ಗಂಟಿಕ್ಕಿಕೊಂಡು ಬಂದವರು ಆಕಳಿಸುತ್ತ ಹೋಗುತ್ತಿದ್ದರಂತೆ.

ಅಜ್ಜಿಯ ಕಥೆಯಲ್ಲಾಗಿದ್ದರೆ ಇಂಥವಳಿಗೆ ಕಿರೀಟವಾದರೂ ಸಿಗುತ್ತಿತ್ತು. ಚೀನಾದ ಯಾಂಗ್‌ಜೌ ಊರಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಗಿಡ್ಡ ಸ್ಟೂಲು, ಹೆಗಲಿಗೊಂದು ಟವೆಲು, ಮತ್ತೆ ಅವಳ ಕೆಲಸಕ್ಕೆ ನಾಚುವ ಹನ್ನೆರಡು ವರ್ಷದ ಮಗಳು.

ಮಗಳು ಸುವೆನ್. ಅಮ್ಮ ಯುಲಿಯಾನ್ ಕಾಲು ಒತ್ತುವ ಅಂಗಡಿಯಲ್ಲಿದ್ದಾಳೆಂದು ಶಾಲೆಯಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ. ಕೇಳಿದವರಿಗೆಲ್ಲ "ಆಸ್ಪತ್ರೇಲಿ" ಎಂದಿದ್ದಳು. ಆಮೇಲೆ ಆ ಸುಳ್ಳನ್ನು ಹೊತ್ತುಕೊಂಡು ತಿರುಗುವುದೇ ಅವಳ ಪಾಡಾಗಿತ್ತು.

ಮೇ ತಿಂಗಳಲ್ಲಿ ಕುವಾಂಗ್ ಟೀಚರ್ ಹೋಂವರ್ಕ್ ಕೊಟ್ಟರು. "ಈ ಭಾನುವಾರ ಅಮ್ಮಂದಿರ ದಿನ. ಎಲ್ರೂ ಮನೇಲಿ ಅಮ್ಮನ ಕಾಲು ತೊಳೆದು, ಹತ್ತು ನಿಮಿಷ ಒತ್ತಿ, ಫೋಟೋ ತರಬೇಕು. ಅಮ್ಮಂಗೆ ಹೇಗನ್ನಿಸ್ತು ಅಂತ ಒಂದು ಪುಟ."

ಸಂಜೆ ಸುದ್ದಿ ಕೇಳಿ ಯುಲಿಯಾನ್ ಕೈಯಲ್ಲಿದ್ದ ಸೌಟನ್ನೇ ಕೆಳಗಿಟ್ಟಳು. "ನನ್ನ ಕಾಲಾ? ನೀನಾ?"

"ಹೂಂ."

"ಮಾತು ಕೊಡು ನೋಡಾಣ."

"ಕೊಟ್ಟೆ ಕಣಮ್ಮ, ಬಿಡು!"

ಮಾರನೆಯ ದಿನ ಯುಲಿಯಾನ್ ಅಂಗಡಿಗೆಲ್ಲ ಡಂಗುರ ಹೊಡೆದು ಬಂದಳು. ಊಟಕ್ಕೆ ಕೂತಾಗ ನಗುತ್ತ ಹೇಳಿದಳು: "ನಮ್ಮ ಅಂಗಡಿಯವರು ಏನಂದ್ರು ಗೊತ್ತಾ? ಲೇ ಯುಲಿಯಾನ್, ನಿನ್ನ ಕಾಲು ನೋಡಿದ್ರೆ ನಿನ್ನ ಮಗಳು ಕಾಲುವೆಗೆ ಹಾರ್ಕೋತಾಳೆ ಅಂತ!"

ಸುವೆನ್ ನಗಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅಮ್ಮ ಹುಟ್ಟಿದ್ದು ಕೆರೆಗಳ ಸೀಮೆಯಲ್ಲಿ. ಮದುವೆಯಾಗುವವರೆಗೂ ಚಳಿಗಾಲದ ಕೆಸರಿಗೆ ಸೊಂಟದವರೆಗೆ ಇಳಿದು ತಾವರೆಗೆಡ್ಡೆ ಕಿತ್ತವಳು. ಕೆಸರಿನೊಳಗೆ ಕಣ್ಣು ಕಾಣುವುದಿಲ್ಲ. ಗೆಡ್ಡೆ ಎಲ್ಲಿದೆಯೆಂದು ಕಾಲಲ್ಲೇ ತಡವಿ ಹುಡುಕಬೇಕು. ಹಾಗೆ ಹುಡುಕಿ ಹುಡುಕಿ ಬೆರಳುಗಳು ಅಗಲಕ್ಕೆ ಹರಡಿಕೊಂಡಿದ್ದವು. ಹೆಬ್ಬೆರಳ ಉಗುರು ಕಪ್ಪಗೆ ದಪ್ಪಗಾಗಿತ್ತು. ಎಡ ಹಿಮ್ಮಡಿಯಲ್ಲಿ ಕಪ್ಪೆಚಿಪ್ಪು ಸೀಳಿದ ಗಾಯದ ಗುರುತು ಅರ್ಧಚಂದ್ರದಂತಿತ್ತು. ಈ ಕಾಲು ಫೋಟೋದಲ್ಲಿ, ಆ ಫೋಟೋ ತರಗತಿಯಲ್ಲಿ!

ಭಾನುವಾರ ಬೆಳಿಗ್ಗೆ ಯುಲಿಯಾನ್ ಅರ್ಧ ದಿನದ ಕೆಲಸಕ್ಕೆ ಹೋದಳು. ಸುವೆನ್ ಬೇಸಿನ್ ಹಿಡಿದು ಕೆಳಗಿನ ರೇಷ್ಮೆ ಅಂಗಡಿಯ ದಾಯ್ ಚಿಕ್ಕಮ್ಮನ ಬಾಗಿಲು ತಟ್ಟಿದಳು.

"ಅಮ್ಮಂಗೆ ಬಿಡುವಿಲ್ಲ ಚಿಕ್ಕಮ್ಮ. ನಾಳೆನೇ ಕೊಡ್ಬೇಕು. ಬರೀ ಕಾಲಿನ ಫೋಟೋ."

"ಅದಕ್ಕೇನಂತೆ!" ದಾಯ್ ಚಿಕ್ಕಮ್ಮ ಬಿಳಿ ಬೆಣ್ಣೆಯಂಥ ಕಾಲುಗಳನ್ನು ಚಾಚಿದಳು. ಸುವೆನ್ ಬರಿದೆ ಒತ್ತಿದಂತೆ ಮಾಡಿದರೂ ಚಿಕ್ಕಮ್ಮ ಕಣ್ಣು ಮುಚ್ಚಿ, "ಪರವಾಗಿಲ್ವೇ ಹುಡುಗಿ, ಅಮ್ಮನ ಕೈಗುಣ ಬಂದಿದೆ ನಿಂಗೆ" ಎಂದಳು. ಸುವೆನ್‌ಗೆ ಕೆಂಡ ತಗುಲಿದಂತಾಯಿತು.

ಮಧ್ಯಾಹ್ನ ಮನೆಯೊಳಗೆಲ್ಲ ಶುಂಠಿ, ಮಾಚಿಪತ್ರೆಯ ಘಮ. ಯುಲಿಯಾನ್ ನೀರು ಕಾಯಿಸಿಟ್ಟು, ಒಳ್ಳೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಫೋಟೋ ಸ್ಟುಡಿಯೋಗೆ ಬಂದವಳ ಹಾಗೆ.

"ಹೋಂವರ್ಕ್ ಬೇಡ ಅಂದ್ಬಿಟ್ರು ಟೀಚರ್," ಎಂದಳು ಸುವೆನ್, ಗೋಡೆ ನೋಡುತ್ತ.

"ಓ." ಯುಲಿಯಾನ್ ಕುರ್ಚಿಯಿಂದ ಎದ್ದು, "ಹೋಗ್ಲಿ ಬಿಡು. ನೀರು ಯಾಕೆ ದಂಡ?" ಎಂದು ಆ ಬಿಸಿ ನೀರಿನಲ್ಲೇ ಮೆಟ್ಟಿಲೆಲ್ಲ ಒರೆಸಿದಳು. ಸುವೆನ್ ಕೂತಲ್ಲಿಂದ ಏಳಲಿಲ್ಲ. ಬಟ್ಟೆ ಹಿಂಡುವ ಸದ್ದು ಮಾತ್ರ ಕೇಳುತ್ತಿತ್ತು.

ಹತ್ತು ದಿನಕ್ಕೆ ಪೋಷಕರ ಸಭೆ. ಗೋಡೆಯ ತುಂಬ ಫೋಟೋಗಳು. ನಟ್ಟನಡುವೆ ದೊಡ್ಡದೊಂದು, ಕೆಳಗೆ 'ಸುವೆನ್‌ಳ ತಾಯಿಯ ಪಾದಗಳು'. ಯುಲಿಯಾನ್ ಅದರ ಮುಂದೆ ನಿಂತಳು. ಊರಿನ ಯಾವ ತಾಯಿಯನ್ನು ಮೋಸಗೊಳಿಸಿದರೂ ಈ ತಾಯಿಯನ್ನು ಕಾಲಿನ ವಿಷಯದಲ್ಲಿ ಮೋಸಗೊಳಿಸಲಾಗದು ಎಂಬುದು ಸುವೆನ್‌ಗೆ ಹೊಳೆದದ್ದು ಆಗ. ದಾಯ್ ಚಿಕ್ಕಮ್ಮ ಪ್ರತಿ ಗುರುವಾರ ಅಮ್ಮನ ಗಿರಾಕಿ.

"ನೀವೇನಾ ಸುವೆನ್ ತಾಯಿ?" ಕುವಾಂಗ್ ಟೀಚರ್ ಬಂದರು. "ಎಲ್ರಿಗೂ ಹೇಳಿ, ಹೇಗನ್ನಿಸ್ತು?"

ಯುಲಿಯಾನ್ ಮಗಳ ಕಡೆ ತಿರುಗಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು, ತನ್ನ ಪಾದಗಳನ್ನು ಅದರ ಕೆಳಗೆ ಸರಿಸಿಕೊಂಡಳು.

"ಹೇಗೆ ಅಂದ್ರೆ... ಮೊದ್ಲು ಹಿಮ್ಮಡಿ ಬಿಸಿಯಾಗತ್ತೆ. ಆಮೇಲೆ ಭುಜ ತಾನಾಗೇ ಕೆಳಗಿಳಿಯತ್ತೆ. ದಿನವಿಡೀ ಹಲ್ಲು ಕಚ್ಚಿದ್ದೆ ಅಂತ ಅವಾಗ್ಲೇ ಗೊತ್ತಾಗೋದು. ಹಿಡಿದ ಉಸಿರು ಬಿಟ್ಟಂಗೆ. ತಲೆ ಹಗುರಾಗಿ ನಿದ್ದೆ ಬರತ್ತೆ." ತಡೆದು ಸೇರಿಸಿದಳು: "ತುಂಬಾ ಹಿತವಾಯ್ತು ಟೀಚರ್. ಒಳ್ಳೆ ಮಗಳು."

ತಾಯಂದಿರು ಚಪ್ಪಾಳೆ ತಟ್ಟಿದರು. ಅಷ್ಟೂ ಮಾತು ಗಿರಾಕಿಗಳ ಬಾಯಿಂದ ಕೇಳಿದ್ದು. ಅಮ್ಮನ ಕಾಲನ್ನು ಹುಟ್ಟಿದಾರಭ್ಯ ಯಾರೂ ಒತ್ತಿದವರಿಲ್ಲ. ಒಂದೊಂದು ಚಪ್ಪಾಳೆಯೂ ಸುವೆನ್‌ಳ ಕಿವಿಯ ಮೇಲೆಯೇ ಬಿದ್ದಂತಿತ್ತು.

ದಾರಿಯಲ್ಲಿ ಅಮ್ಮ ಒಂದೇ ಮಾತಾಡಿದಳು. "ದಾಯ್ ಅಕ್ಕನ ಬಲಗಾಲಿಗೆ ಆಣಿ ಎದ್ದಿದೆ. ಒತ್ತುವಾಗ ನೋವು ಮಾಡಿಲ್ಲ ತಾನೇ?"

ಬೈದಿದ್ದರೆ ವಾಸಿಯಿತ್ತು. ಮರುದಿನದಿಂದ ಯುಲಿಯಾನ್ ಮನೆಯೊಳಗೂ ಕಾಲುಚೀಲ ಹಾಕಿಕೊಳ್ಳತೊಡಗಿದಳು. ಜೂನ್ ಬಂತು, ಗೋಡೆಗಳು ಬೆವರಿದವು, ಬೆಕ್ಕುಗಳು ನೆಲಕ್ಕೆ ಅಂಟಿಕೊಂಡು ಮಲಗಿದವು. ಅಮ್ಮನ ಬೂದು ಕಾಲುಚೀಲ ಮಾತ್ರ ಕಳಚಲಿಲ್ಲ. ಅದನ್ನು ನೋಡಿದಾಗಲೆಲ್ಲ ಸುವೆನ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಒಂದು ಶುಕ್ರವಾರ ಅವಳು ಗೋಡೆಯಿಂದ ಫೋಟೋ ಕಿತ್ತು ಟೀಚರ್ ಮೇಜಿನ ಮೇಲಿಟ್ಟಳು. "ಇದು ನಮ್ಮಮ್ಮನ ಕಾಲಲ್ಲ. ಅಮ್ಮ ಆಸ್ಪತ್ರೇಲೂ ಇಲ್ಲ. ಕಾಲುವೆ ಹತ್ರ ಕಾಲು ಒತ್ತೋ ಅಂಗಡೀಲಿದ್ದಾರೆ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಕುವಾಂಗ್ ಟೀಚರ್ ಫೋಟೋವನ್ನು ಮಗುಚಿ ಇಟ್ಟರು. "ಹಾಗಾದ್ರೆ ನಿನ್ನ ಹೋಂವರ್ಕ್ ಇನ್ನೂ ಬಾಕಿ."

ಭಾನುವಾರ ನಡುಮಧ್ಯಾಹ್ನ ಸುವೆನ್ ತಾನೇ ಶುಂಠಿ ಜಜ್ಜಿದಳು, ಮಾಚಿಪತ್ರೆ ಹಾಕಿ ನೀರು ಕಾಯಿಸಿದಳು. ಬೇಸಿನ್ ತಂದು ಅಮ್ಮನ ಮುಂದಿಟ್ಟಳು.

"ಯಾತಕ್ಕೆ? ಫೋಟೋ ಮತ್ತೆ ಬೇಕಂತಾ?" ಯುಲಿಯಾನ್ ಕಾಲು ಹಿಂದಕ್ಕೆಳೆದುಕೊಂಡಳು. "ದಾಯ್ ಅಕ್ಕ ಕೆಳಗಿದಾಳೆ ನೋಡು."

"ಫೋಟೋ ಇಲ್ಲಮ್ಮ." ಸುವೆನ್ ನೆಲದ ಮೇಲೆ ಕೂತಳು. "ಮಾತು ಕೊಟ್ಟಿದ್ದೆ."

ಯುಲಿಯಾನ್ ಕಿಟಕಿಯ ಕಡೆ ಮುಖ ಮಾಡಿದಳು. ಕಾಲು ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಸುವೆನ್ ಮೆಲ್ಲಗೆ ಕಾಲುಚೀಲ ಎಳೆದಳು. ಒಳಗೆ ಬೆವರಿಗೆ ನೆನೆದು ಬಿಳಿಚಿಕೊಂಡ ಚರ್ಮದ ಮೇಲೆ ಎಲಾಸ್ಟಿಕ್ಕಿನ ಕೆಂಪು ಗೆರೆ. ತಲೆ ಎತ್ತಲು ಅವಳಿಗೆ ಆಗಲಿಲ್ಲ. ನೀರು ಹೊಯ್ದಳು, ಬೆರಳ ಸಂದುಗಳನ್ನು ತೊಳೆದಳು, ಒತ್ತಿದಳು.

"ಹಿಟ್ಟು ನಾದ್ತಿದೀಯೇನೇ?" ಮೇಲಿಂದ ಅಮ್ಮನ ಧ್ವನಿ. "ಹೆಬ್ಬೆರಳು ನಿಲ್ಲಿಸು. ಅವಸರ ಬೇಡ. ಎಲ್ಲಿ ಗಟ್ಟಿ ಸಿಗತ್ತೋ ಅಲ್ಲಿ ಕಾಯಿ."

ಸುವೆನ್ ಅರ್ಧಚಂದ್ರದ ಕಲೆಯ ಪಕ್ಕ ಹೆಬ್ಬೆರಳಿಟ್ಟು ಕಾದಳು. ಗಂಟೊಂದು ಬಹಳ ಹೊತ್ತು ಹಟ ಹಿಡಿದು, ಆಮೇಲೆ ಮೆತ್ತಗಾಯಿತು.

"ಹಾಂ, ಅಲ್ಲೇ... ಅಲ್ಲೇ ಕಣೆ..." ಮಾತು ಅರ್ಧಕ್ಕೆ ನಿಂತಿತು. ಅಮ್ಮನ ಭುಜ ಕೆಳಗಿಳಿದಿತ್ತು, ಬಾಯಿ ತುಸು ತೆರೆದಿತ್ತು, ಸಣ್ಣ ಗೊರಕೆ.

ನೀರು ತಣ್ಣಗಾಗಿತ್ತು. ಸುವೆನ್ ಎರಡೂ ಪಾದಗಳನ್ನು ಮಡಿಲಿಗೆ ತೆಗೆದುಕೊಂಡು, ಒಂದೊಂದೇ ಬೆರಳಿನ ಸಂದನ್ನು ಟವೆಲಿನಿಂದ ಒರೆಸಿ ಮುಗಿಸಿದಳು.